ಕಾಬೂಲ್ ದಾಟಿ ಬಂದ ಬಸ್ಸು, ಬೆಂಗಳೂರಿನ ಮೃದಂಗ

ತದಿಗಿಣತೊಂ! ಬಾಯಿಬಿಟ್ಟು ಒಮ್ಮೆ ಹೇಳಿ ನೋಡಿ. ಐದೇ ಅಕ್ಷರ. ಮೃದಂಗದ ಪಾಠಕ್ಕೆ ಕೂತ ಪ್ರತಿಯೊಬ್ಬರ ನಾಲಗೆಯ ಮೇಲೂ ಕುಣಿದ ಐದಕ್ಷರ. ಈಗ ಅದರ ಬುಡಕ್ಕೆ ಎಲೆಕ್ಟ್ರಿಕ್ ಬಾಸ್ ಗಿಟಾರಿನ ದಪ್ಪ ದನಿ ಇಡಿ. ಪಕ್ಕದಲ್ಲಿ ವೈಬ್ರಫೋನಿನ ಲೋಹದ ಪಟ್ಟಿಗಳು ನಡುಗಲಿ. ಮೇಲೆ ಬೆಂಗಳೂರಿನ ಹೆಣ್ಣುಮಗಳೊಬ್ಬಳ ಕಂಠ ಸ್ವರ ಹಿಡಿದು ಏರಲಿ. ಇದು ನಾನು ಕಟ್ಟಿದ ಕನಸಲ್ಲ. 1980ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಕಪ್ಪು ತಟ್ಟೆಯಾಗಿ ಹೊರಬಿದ್ದ ನಿಜ. ಹೆಸರು ‘ಲೈಫ್’. ಹೊದಿಕೆಯ ಮೇಲೆ ಇಬ್ಬರ ಹೆಸರು: ಮ್ಯೂನಿಕ್ ನಗರದ ಸೈಕೆಡೆಲಿಕ್ ರಾಕ್ ತಂಡ ಎಂಬ್ರಿಯೊ, ಮತ್ತು ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್.

ಆ ಎರಡನೆಯ ಹೆಸರು ಕಂಡ ಕ್ಷಣ ನನ್ನ ಎದೆ ಹಾರಿತು. ನಾನು ಹುಡುಕುತ್ತಿದ್ದುದೇ ಬೇರೆ. ಬೆಳಗಾವಿಯಲ್ಲಿ 1925ರಲ್ಲಿ ಹುಟ್ಟಿ, ಠುಮರಿಯ ರಾಣಿ ಅನ್ನಿಸಿಕೊಂಡ ಶೋಭಾ ಗುರ್ಟು ಅವರ ಹಾಡುಗಳ ಬೆನ್ನು ಹತ್ತಿದ್ದೆ. ಅಲ್ಲಿಂದ ಅವರ ಮಗ, ತಾಳವಾದ್ಯಗಳ ಮಾಂತ್ರಿಕ ತ್ರಿಲೋಕ್ ಗುರ್ಟು ಅವರ ಕಡೆ ಹೊರಳಿದೆ. ತ್ರಿಲೋಕ್ ಒಂದು ಕಾಲಕ್ಕೆ ಎಂಬ್ರಿಯೊ ಅನ್ನುವ ಜರ್ಮನ್ ತಂಡದ ಜೊತೆ ನುಡಿಸಿದ್ದರೆಂದು ತಿಳಿಯಿತು. ಯಾರಪ್ಪಾ ಇವರು ಎಂದು ಇನ್ನೊಂದು ಬಾಗಿಲು ತಳ್ಳಿದರೆ, ಅದರಾಚೆ ನಮ್ಮ ರಾಜ್ಯದ ಹೆಸರೇ ನಿಂತಿದೆ! ಬೆಳಗಾವಿಯಿಂದ ಹೊರಟ ದಾರಿ ಮ್ಯೂನಿಕ್ ಸುತ್ತಿ ಬೆಂಗಳೂರಿಗೆ ಬಂದು ಮುಟ್ಟಿತ್ತು. ಆ ವಾರವೆಲ್ಲ ಸಿಂದಗಿ–ಇಂಡಿ ದಾರಿಯ ತೊಗರಿ ಹೊಲ, ನಿಂಬೆ ತೋಟಗಳ ನಡುವೆ ಹೋಗುವಾಗ ಬರುವಾಗ ನನ್ನ ಕಿವಿಯಲ್ಲಿ ಬೇರೇನೂ ಇರಲಿಲ್ಲ.

ಎಂಬ್ರಿಯೊ ಹುಟ್ಟಿದ್ದು 1969ರಲ್ಲಿ. ಕಟ್ಟಿದವರಲ್ಲಿ ಮುಖ್ಯನಾದವನು ಕ್ರಿಸ್ಟಿಯನ್ ಬುರ್ಖಾರ್ಡ್, ಡ್ರಮ್ ಮತ್ತು ವೈಬ್ರಫೋನ್ ವಾದಕ. ಜರ್ಮನಿಯ ತರುಣರು ಅಮೆರಿಕ–ಇಂಗ್ಲೆಂಡಿನ ರಾಕ್ ಸಂಗೀತವನ್ನು ನಕಲು ಮಾಡುವುದು ಬಿಟ್ಟು ತಮ್ಮದೇ ಮಾರ್ಗ ಹಿಡಿದ ಕಾಲವದು. ಕ್ಯಾನ್, ಆಮೋನ್ ಡ್ಯೂಲ್, ನಾಯ್ ಮುಂತಾದ ತಂಡಗಳು ಆಗ ಹುಟ್ಟಿಸಿದ ಧಾರೆಗೆ ಹೊರಗಿನವರು ಕ್ರೌಟ್‌ರಾಕ್ ಎಂದು ಹೆಸರಿಟ್ಟರು. ಇಪ್ಪತ್ತು ನಿಮಿಷದ ಒಂದೇ ಹಾಡು, ಅಂಟಿಬಿಡುವ ಲಯ, ಮಾತು ಕಡಿಮೆ, ಮೈಮರೆವು ಹೆಚ್ಚು. 1970ರಲ್ಲಿ ಎಂಬ್ರಿಯೊ ತಂಡದ ಮೊದಲ ತಟ್ಟೆ ‘ಓಪಲ್’ ಬಂತು. 1973ರ ‘ವಿ ಕೀಪ್ ಆನ್’ ಹೊತ್ತಿಗೆ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಇವರ ಜೊತೆ ಸೇರಿದ್ದ. ಈ ಮನುಷ್ಯನ ಕಥೆಯೇ ಒಂದು ಬೆರಗು. ಜಾಝ್ ದೈತ್ಯ ಚಾರ್ಲ್ಸ್ ಮಿಂಗಸ್ ಜೊತೆ ನುಡಿಸಿ ಹೆಸರು ಮಾಡಿದವನು, ಕೌಲಾಲಂಪುರದಲ್ಲಿ ನಾಗಸ್ವರ ಕೇಳಿ ಮನಸೋತು, ಅದನ್ನು ಕಲಿಯಲು ದಕ್ಷಿಣ ಭಾರತದವರೆಗೆ ಬಂದವನು. ಬಾಸ್ಟನ್ನಿನಲ್ಲಿ ಹುಟ್ಟಿದ ಬಾಯಿಗೆ ನಮ್ಮ ಗುಡಿಯ ಓಲಗದ ಸೀವಾಳಿ!

ಎಂಬ್ರಿಯೊ ತಂಡಕ್ಕೆ ಇನ್ನೊಂದು ಧೈರ್ಯವಿತ್ತು. ದೊಡ್ಡ ಕಂಪನಿಗಳ ಹಂಗು ಬೇಡವೆಂದು 1970ರ ದಶಕದ ನಡುವೆ ಕೆಲವು ಜರ್ಮನ್ ತಂಡಗಳು ಕೂಡಿ ತಮ್ಮದೇ ಧ್ವನಿಮುದ್ರಣ ಸಂಸ್ಥೆ ಕಟ್ಟಿದವು. ಅದೇ ಮುಂದೆ ಶ್ನೇಬಾಲ್ ಆಯಿತು. ಹಾಡು ಎಷ್ಟು ಉದ್ದವಿರಬೇಕು, ಯಾರು ಹಾಡಬೇಕು, ಯಾವುದು ಮಾರಾಟವಾಗುತ್ತದೆ ಎಂದು ಕೇಳುವ ಯಜಮಾನ ಅಲ್ಲಿ ಇರಲಿಲ್ಲ. ಈ ಸ್ವಾತಂತ್ರ್ಯ ಇಲ್ಲದಿದ್ದರೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಮುಂದೆ ಏನು ನಡೆಯಿತು? 1978ರಲ್ಲಿ ಇಡೀ ತಂಡ ಬಸ್ಸುಗಳನ್ನು ಹತ್ತಿತು. ವಾದ್ಯ, ವಿದ್ಯುತ್ ಸಲಕರಣೆ, ಮುದ್ರಣಯಂತ್ರ ಎಲ್ಲವನ್ನೂ ಹೇರಿಕೊಂಡು ಭಾರತದ ಕಡೆ ಹೊರಟಿತು. ನೆಲದ ಮೇಲೆ! ತುರ್ಕಿ, ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ, ಆಮೇಲೆ ನಮ್ಮ ದೇಶ. ಹೋದಲ್ಲೆಲ್ಲ ಅಲ್ಲಿನ ಕಲಾವಿದರನ್ನು ಹುಡುಕಿ, ಜೊತೆಗೆ ಕೂತು, ಕಲಿತು, ನುಡಿಸಿ, ಮುದ್ರಿಸಿಕೊಂಡರು. ಕಾಬೂಲಿನಲ್ಲಿ ಅಫ್ಘನ್ ಸಂಗೀತಗಾರರ ಜೊತೆ ಬೆರೆತರು. ವರ್ನರ್ ಪೆನ್‌ಜೆಲ್ ಎಂಬ ನಿರ್ದೇಶಕ ಜೊತೆಗಿದ್ದು ಈ ಪಯಣವನ್ನೆಲ್ಲ ‘ವಾಗಾಬುಂಡನ್ ಕರವಾನೆ’ ಎಂಬ ಚಿತ್ರವಾಗಿ ಸೆರೆಹಿಡಿದ. ಆ ಪಯಣದ ಫಲವೇ ಎರಡು ತಟ್ಟೆಗಳ ‘ಎಂಬ್ರಿಯೋಸ್ ರೈಝೆ’, 1979ರದ್ದು. ಜಗತ್ತಿನ ಸೈಕೆಡೆಲಿಕ್ ರಾಕ್ ಪ್ರಿಯರು ಇವತ್ತಿಗೂ ಎದೆಗವಚಿಕೊಂಡು ಕಾಯುವ ಆಲ್ಬಂ ಅದು. ಮೊದಲ ಹಾಡು ‘ಸ್ಟ್ರಾಸೆ ನಾಖ್ ಆಜಿಯನ್’, ಏಷ್ಯಾದ ಕಡೆಗೆ ಹೋಗುವ ರಸ್ತೆ. ಇನ್ನೊಂದರ ಹೆಸರು ‘ಚೆಲ್ಲೊ, ಸೈಕಲ್ ರಿಕ್ಷಾ’. ಹೆಸರು ಓದಿದರೇ ಕಿವಿಯಲ್ಲಿ ಗಂಟೆ ಬಾರಿಸುತ್ತದೆ!

ದಿನಾಂಕಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ, ಮೈ ಜುಮ್ಮೆನ್ನುತ್ತದೆ. 1978ರ ಏಪ್ರಿಲ್‌ನಲ್ಲಿ ಕಾಬೂಲಿನಲ್ಲಿ ಸರ್ಕಾರ ಉರುಳಿತು. 1979ರ ಆರಂಭದಲ್ಲಿ ಇರಾನಿನ ಶಾ ದೇಶ ಬಿಟ್ಟು ಹೋದ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ಅಫ್ಘಾನಿಸ್ತಾನದೊಳಗೆ ನುಗ್ಗಿತು. ಯುರೋಪಿನ ಹುಡುಗರು ಬಸ್ಸು ಹತ್ತಿ ದೆಹಲಿಗೆ, ಗೋವಾಕ್ಕೆ ಬರುತ್ತಿದ್ದ ಆ ಹಳೆಯ ನೆಲದ ದಾರಿ ಅಲ್ಲಿಗೆ ಮುಚ್ಚಿಹೋಯಿತು. ಎಂಬ್ರಿಯೊ ಬಸ್ಸುಗಳು ದಾಟಿ ಬಂದದ್ದು ಬಾಗಿಲು ಮುಚ್ಚುವ ಮುಂಚಿನ ಕೊನೆಯ ಬಿರುಕಿನಲ್ಲಿ. 1996ರಲ್ಲಿ ತಾಲಿಬಾನಿಗಳು ಕಾಬೂಲ್ ಹಿಡಿದಾಗ ಸಂಗೀತವನ್ನೇ ನಿಷೇಧಿಸಿದರು. ಹಾಗಾಗಿ ಆ ತಟ್ಟೆಯ ಗೆರೆಗಳಲ್ಲಿ ಒಂದು ಇಡೀ ರಸ್ತೆ ಉಳಿದುಕೊಂಡಿದೆ, ನಕ್ಷೆಯಲ್ಲಿ ಇದ್ದೂ ನಡೆಯಲಾಗದ ರಸ್ತೆ. ಈ ಆಲ್ಬಮ್ಮಿನ ಮೇಲಿನ ಜನರ ಪ್ರೀತಿ ನಾಲ್ಕು ದಶಕ ಕಳೆದರೂ ಆರದಿರುವುದಕ್ಕೆ ಒಂದು ಕಾರಣ ಇದೇ.

ಇನ್ನೊಂದು ಕಾರಣ ಬೆಂಗಳೂರಿನಲ್ಲಿದೆ. ಅದೇ ನನಗೆ ಹೆಚ್ಚಿನದು.

ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು. ಲಯವಾದ್ಯಗಳಿಗೇ ಮೀಸಲಾದ ಶಾಲೆ. ಕಚೇರಿಯಲ್ಲಿ ಗಾಯಕರ ಪಕ್ಕದಲ್ಲಿ ಕೂತು ಒತ್ತಾಸೆಯಾಗುವ ಮೃದಂಗ, ಘಟ, ಖಂಜಿರ, ಮೋರ್ಚಿಂಗ್‌ಗಳನ್ನು ಅವರು ವೇದಿಕೆಯ ನಡುವಿಗೆ ತಂದು ಕೂರಿಸಿದರು. ಜೊತೆಗೆ ಅವರ ಮಡದಿ ಆರ್.ಎ. ರಮಾಮಣಿ. ಕರ್ನಾಟಕ ಸಂಗೀತದ ಕಂಠ, ಆದರೆ ಯಾವ ಲಯದ ಕಗ್ಗಂಟಿನೊಳಗೂ ನಗುತ್ತ ಇಳಿದು ನಗುತ್ತ ಮೇಲೆ ಬರುವ ಕಂಠ. ಹೀಗೆ ಲಯವನ್ನೇ ಉಸಿರಾಡುವ ಮನೆಯೊಂದರ ಜೊತೆ ಬುರ್ಖಾರ್ಡ್ ಮತ್ತು ಗೆಳೆಯರು ಕೂಡಿ ನುಡಿಸಿದರು. ಅದರಿಂದ ‘ಲೈಫ್’ ಹುಟ್ಟಿತು.

ಇದಕ್ಕೂ ಮುಂಚೆ ಪಶ್ಚಿಮದ ರಾಕ್ ಸಂಗೀತಕ್ಕೆ ಭಾರತ ಸಿಕ್ಕಿರಲಿಲ್ಲವೇ? ಸಿಕ್ಕಿತ್ತು. 1965ರಲ್ಲಿ ಬೀಟಲ್ಸ್ ತಂಡದ ಜಾರ್ಜ್ ಹ್ಯಾರಿಸನ್ ಸಿತಾರ್ ಹಿಡಿದಾಗಿನಿಂದ ಸಿತಾರಿನ ಝೇಂಕಾರ ಎಲ್ಲೆಡೆ ಹರಡಿತು. ಆದರೆ ಅಲ್ಲಿ ಹೆಚ್ಚಿನ ಹಾಡುಗಳಲ್ಲಿ ನಮ್ಮ ವಾದ್ಯ ಒಂದು ಪರಿಮಳದಂತೆ ಬಂದು ಹೋಗುತ್ತದೆ. ಹಾಡಿನ ಎಲುಬು ಅವರದೇ, ನಾಲ್ಕರ ಲೆಕ್ಕ ಅವರದೇ. ಇಲ್ಲಿ ಎಲುಬೇ ಮೃದಂಗ. ಜರ್ಮನ್ನರು ನಮ್ಮ ತಾಳದೊಳಕ್ಕೆ ಬರಬೇಕು, ಅಲ್ಲಿ ಎಣಿಸಬೇಕು, ಅಲ್ಲೇ ಬೆವರಬೇಕು. ಅವರು ಬರುತ್ತಾರೆ, ಎಣಿಸುತ್ತಾರೆ, ಬೆವರುತ್ತಾರೆ! ಆ ಶ್ರದ್ಧೆ ಕೇಳಿಸುತ್ತದೆ.

ಈ ಲೆಕ್ಕದ ಸೊಗಸು ಸ್ವಲ್ಪ ಬಿಡಿಸಿ ಹೇಳದೆ ನನಗೆ ಸಮಾಧಾನವಿಲ್ಲ. ಹದಿನಾರು ಮಾತ್ರೆಗಳ ಒಂದು ಆವರ್ತನ ತೆಗೆದುಕೊಳ್ಳಿ. ಮೊದಲ ಮಾತ್ರೆ ಬಿಟ್ಟುಬಿಡಿ, ಮೌನ. ಎರಡನೆಯದರಿಂದ ನಮ್ಮ ಐದಕ್ಷರ ಶುರು ಮಾಡಿ: ತದಿಗಿಣತೊಂ, ತದಿಗಿಣತೊಂ, ತದಿಗಿಣತೊಂ. ಮೂರೈದಲೆ ಹದಿನೈದು. ಆವರ್ತನ ಭರ್ತಿಯಾಯಿತು, ಮುಂದಿನ ಪೆಟ್ಟು ಸೀದಾ ಸಮದ ಮೇಲೆ, ಅಂದರೆ ಆವರ್ತನದ ಮೊದಲ ಮಾತ್ರೆಯ ಮೇಲೆ! ನಮ್ಮ ಕಡೆಯ ತಬಲಾದವರು ತಿಹಾಯಿ ಅನ್ನುವುದು, ದಕ್ಷಿಣದವರು ಮುಕ್ತಾಯ ಅನ್ನುವುದು ಈ ಸಂತೋಷವನ್ನೇ. ಕಿವಿ ದಾರಿ ತಪ್ಪಿದೆ ಅಂದುಕೊಳ್ಳುವಷ್ಟರಲ್ಲಿ ಎಲ್ಲರೂ ಒಂದೇ ಹೊಸ್ತಿಲಲ್ಲಿ ಕಾಲಿಟ್ಟಿರುತ್ತಾರೆ. ಈಗ ಇನ್ನೊಂದು ಆಟ. ಬಾಸ್ ಗಿಟಾರಿನವನು ಏಳು ಮಾತ್ರೆಯ ಸುತ್ತು ಹಾಕುತ್ತಿದ್ದಾನೆ, ಮೃದಂಗ ಎಂಟರ ಸುತ್ತಿನಲ್ಲಿದೆ ಎಂದುಕೊಳ್ಳಿ. ಇಬ್ಬರೂ ಒಟ್ಟಿಗೆ ಹೊರಟರೂ ಮರುಸುತ್ತಿಗೇ ಬೇರೆಯಾಗುತ್ತಾರೆ, ದೂರ ದೂರ ಸರಿಯುತ್ತಾರೆ. 56 ಮಾತ್ರೆ ಮುಗಿದ ಮೇಲೆ ಮತ್ತೆ ಒಂದೇ ಪೆಟ್ಟಿನಲ್ಲಿ ಕೂಡುತ್ತಾರೆ. ನಡುವಿನ ಆ ಅಲೆದಾಟದಲ್ಲಿ ಕೇಳುವವರ ತಲೆಯೊಳಗೆ ಕಾಲ ಸಡಿಲವಾಗುತ್ತದೆ. ಸೈಕೆಡೆಲಿಕ್ ಸಂಗೀತ ಬಯಸಿದ್ದು ಈ ಸಡಿಲವನ್ನೇ. ಇಂಗ್ಲೆಂಡಿನ ತಂಡಗಳು ಅದಕ್ಕಾಗಿ ವಿದ್ಯುತ್ತಿನ ಮೊರೆಹೋದವು, ಟೇಪು ತಿರುವಿದವು, ಬಣ್ಣದ ದೀಪ ಹಚ್ಚಿದವು. ನಮ್ಮಲ್ಲಿ ಅದು ಬಾಯಲ್ಲಿ ಹೇಳುವ ಕೊನ್ನಕೋಲ್‌ನೊಳಗೇ ಇದೆ, ಯಾವ ತಂತಿಯ ಸಹಾಯವೂ ಇಲ್ಲದೆ.

ಇಷ್ಟೆಲ್ಲ ಬೆಂಗಳೂರಿನ ಮಾತು. ಹಾಗಾದರೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ನಮಗೂ ಇದಕ್ಕೂ ಏನು? ಇಲ್ಲಿಗೇ ಬಂದೆ.

ಈ ನಾಲ್ಕು ತಾಲೂಕುಗಳ ಯಾವ ಹಳ್ಳಿಯಲ್ಲಾದರೂ ಅಹೋರಾತ್ರಿ ಭಜನೆಗೆ ಕೂತವರಿಗೆ ಈ ಸಂಗೀತ ಹೊಸದಾಗಿ ಕೇಳುವುದೇ ಇಲ್ಲ. ನಾನು ಬೆರಗಾದದ್ದು ಇದಕ್ಕೆ! ಏಕತಾರಿಯ ಒಂದೇ ಸ್ವರ ಸಂಜೆ ಶುರುವಾದರೆ ಬೆಳಗಿನವರೆಗೆ ಮಿಡಿಯುತ್ತಲೇ ಇರುತ್ತದೆ. ದಮ್ಮಡಿ ಅದರ ಮೇಲೆ ನಡೆಯುತ್ತದೆ, ತಾಳ ಕುಟ್ಟುತ್ತದೆ, ಪೇಟಿ ಹಾಡಿನ ಬೆನ್ನಿಗೆ ಬೀಳುತ್ತದೆ. ಮುಂದಿನವನು ಪಲ್ಲವಿ ಎತ್ತುತ್ತಾನೆ, ಹಿಂದಿನವರು ಅದನ್ನೇ ತಿರುಗಿ ಹೇಳುತ್ತಾರೆ, ಮತ್ತೆ ಹೇಳುತ್ತಾರೆ, ಮತ್ತೊಮ್ಮೆ. ಹತ್ತನೆಯ ಸಲಕ್ಕೆ ಮಾತು ಮಾತಾಗಿ ಉಳಿಯುವುದಿಲ್ಲ. ಇಪ್ಪತ್ತನೆಯ ಸಲಕ್ಕೆ ಲಯ ಏರಿ ಕೂತವರ ಹೆಗಲು ತಾವಾಗಿ ತೂಗುತ್ತವೆ. ನಡುರಾತ್ರಿ ದಾಟಿದ ಮೇಲೆ ಕಡಕೋಳ ಮಡಿವಾಳಪ್ಪನ ತತ್ವಪದವೋ ಶಿಶುನಾಳ ಶರೀಫರ ಪದವೋ ಬಂದಾಗ, ಗಡಿಯಾರದ ಹಂಗು ಯಾರಿಗೂ ಇರುವುದಿಲ್ಲ. ನಿಲ್ಲದ ಒಂದು ಶ್ರುತಿ, ಬಿಡದ ಒಂದು ಲಯ, ಮತ್ತೆ ಮತ್ತೆ ಬರುವ ಒಂದೇ ಸಾಲು: ಮ್ಯೂನಿಕ್ ಹುಡುಗರು ಖಂಡ ದಾಟಿ ಹುಡುಕಿಕೊಂಡು ಬಂದ ಮೂರೂ ಪದಾರ್ಥ ನಮ್ಮ ಗುಡಿಯ ಕಟ್ಟೆಯ ಮೇಲೆ ಇದ್ದವು. ಮೊಹರಂ ದಿನಗಳಲ್ಲಿ ಹೆಜ್ಜೆಮೇಳದವರ ಮುಂದೆ ಹಲಗೆ ಬಡಿಯುವಾಗಲೂ ಅಷ್ಟೇ. ಕಾಲಿನ ಲೆಕ್ಕ ಒಂದು, ಕೋಲಿನ ಲೆಕ್ಕ ಇನ್ನೊಂದು, ಎರಡೂ ಕೂಡುವ ಜಾಗ ಊರಿನ ಹುಡುಗರ ಮೈಗೆ ಗೊತ್ತು.

ದಮ್ಮಡಿ ಮತ್ತು ಖಂಜಿರ ಹತ್ತಿರದ ಸಂಬಂಧಿಗಳೂ ಹೌದು. ಎರಡೂ ಒಂದೇ ಬದಿಗೆ ಚರ್ಮ ಬಿಗಿದ ಬಳೆಯಂಥ ಚೌಕಟ್ಟಿನ ವಾದ್ಯ, ಎರಡನ್ನೂ ಎಡಗೈಯಲ್ಲಿ ಎತ್ತಿ ಹಿಡಿದು ಬಲಗೈ ಬೆರಳಿನಿಂದ ನುಡಿಸುತ್ತಾರೆ. ‘ಲೈಫ್’ ಕೇಳುವಾಗ ನನ್ನ ಬೆರಳು ಮೊಣಕಾಲಿನ ಮೇಲೆ ತಾನಾಗಿ ಹಿಡಿದದ್ದು ಭಜನೆಯ ದಮ್ಮಡಿಯ ನಡೆಯನ್ನೇ. ಅದು ಅಲ್ಲಿ ಸರಿಯಾಗಿ ಕೂತಿತು!

ವಿಜಯಪುರದ ನೆಲಕ್ಕೆ ಇಂಥ ಕೂಡಾಟ ಹೊಸದೂ ಅಲ್ಲ. 1580ರಿಂದ 1627ರವರೆಗೆ ಇಲ್ಲಿ ಆಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನನ್ನು ನೆನೆಯಿರಿ. ರಾಜ್ಯಕ್ಕಿಂತ ರಾಗವನ್ನು ಹೆಚ್ಚು ಪ್ರೀತಿಸಿದ ದೊರೆ. ತನ್ನ ತಂಬೂರಿಗೆ ಮೋತಿ ಖಾನ್ ಎಂದು ಹೆಸರಿಟ್ಟು, ಅದನ್ನು ಹಾಡಿನಲ್ಲಿ ಕೊಂಡಾಡಿದವನು. ರಾಗಗಳ ಹೆಸರಿನಡಿ ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದು, ಅದರಲ್ಲಿ ಸರಸ್ವತಿಯನ್ನು, ಗಣಪತಿಯನ್ನು ಮನಸಾರೆ ಸ್ತುತಿಸಿದವನು. ಆ ಕೃತಿಗೆ ಮುನ್ನುಡಿ ಬರೆದವನು ಪರ್ಷಿಯಾದಿಂದ ಬಂದ ಕವಿ ಝುಹೂರಿ. 1599ರಲ್ಲಿ ವಿಜಯಪುರದ ಪಕ್ಕ, ಈಗಿನ ತೊರವಿಯ ಬಳಿ, ನವರಸಪುರ ಎಂಬ ಊರನ್ನೇ ಈ ದೊರೆ ಕಟ್ಟಿಸತೊಡಗಿದ. ನವರಸದ ಹೆಸರಿನಲ್ಲಿ ಒಂದು ನಗರ! ಇರಾನಿನ ದಾರಿ ಹಿಡಿದು ಬಂದ ಜರ್ಮನ್ ಹುಡುಗರ ಬಗ್ಗೆ ಓದುವಾಗಲೆಲ್ಲ ನನಗೆ ತೊರವಿಯ ಆ ಮುರುಕು ಗೋಡೆಗಳು ನೆನಪಾಗುತ್ತವೆ. ನಾಲ್ಕು ಶತಮಾನದ ಹಿಂದೆ ಇದೇ ಬಯಲಿನಲ್ಲಿ ಪರ್ಷಿಯಾದ ಕಾವ್ಯ, ದಖನಿ ಮಾತು, ನಮ್ಮ ರಾಗಗಳು ಒಂದೇ ಚಾಪೆಯ ಮೇಲೆ ಕೂತಿದ್ದವು.

ಗೋಳಗುಮ್ಮಟದ ಮಾತನ್ನೂ ಆಡಿಬಿಡುತ್ತೇನೆ. ಸೈಕೆಡೆಲಿಕ್ ರಾಕ್ ಇಷ್ಟಪಟ್ಟ ಅತಿ ದೊಡ್ಡ ತಂತ್ರವೆಂದರೆ ಪ್ರತಿಧ್ವನಿ. ಟೇಪಿನ ಮೇಲೆ ದನಿ ಮುದ್ರಿಸಿ, ಕ್ಷಣ ತಡೆದು ಅದನ್ನೇ ಮತ್ತೆ ಕೇಳಿಸುವ ಯಂತ್ರಗಳು ಆ ಕಾಲದ ಸ್ಟುಡಿಯೋಗಳ ಹೆಮ್ಮೆ. ನಮ್ಮ ಜಿಲ್ಲೆಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಗುಮ್ಮಟದ ಮೆಟ್ಟಿಲು ಹತ್ತಿ, ಸುಮಾರು 44 ಮೀಟರ್ ಅಗಲದ ಆ ಬಟ್ಟಲಿನ ಅಂಚಿನಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ, ಅದು ಮತ್ತೆ ಮತ್ತೆ ಮರಳುವುದನ್ನು ಬಾಯಿ ತೆರೆದು ಕೇಳುತ್ತ ಬೆಳೆದವರು. 17ನೇ ಶತಮಾನದ ಗಾರೆ ಮತ್ತು ಕಲ್ಲು ವಿದ್ಯುತ್ತಿಲ್ಲದೆ ಮಾಡುವ ಕೆಲಸವದು. ಹೀಗಿರುವಾಗ ಇಂಥ ಆಲ್ಬಂ ಹೊರಗಿನದು ಎಂದು ನಾವು ಹೇಗೆ ಹೇಳುವುದು?

ಭಾರತದಲ್ಲೇ ಹುಟ್ಟಿದ ಸೈಕೆಡೆಲಿಕ್ ತಟ್ಟೆಗಳೂ ಇವೆ. ಮುಂಬೈಯ ಅಟಾಮಿಕ್ ಫಾರೆಸ್ಟ್ ತಂಡದ ‘ಅಬ್ಸೆಶನ್ 77’ ಅವುಗಳಲ್ಲಿ ಹೆಚ್ಚು ಹುಡುಕಾಟಕ್ಕೆ ಒಳಗಾದದ್ದು. ಅದನ್ನು ಅಮೆರಿಕದ ಸಂಸ್ಥೆಯೊಂದು ಮತ್ತೆ ಹೊರತಂದಿತು. ಒಳ್ಳೆಯ ತಟ್ಟೆ, ಗಿಟಾರು ಉರಿಯುತ್ತದೆ. ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು ‘ಲೈಫ್’ ಮತ್ತು ಅದರ ಸುತ್ತ ಹಬ್ಬಿದ ಬಳ್ಳಿ.

ಎಂಥ ಬಳ್ಳಿ ಅದು! ಎಂಬ್ರಿಯೊ ಪಯಣದಲ್ಲಿದ್ದ ಬಾಸ್ ವಾದಕ ಊವೆ ಮ್ಯೂಲ್ರಿಖ್, ಕೀಬೋರ್ಡಿನ ಮಿಖಾಯೆಲ್ ವೇಮಯರ್ ಹೊರಬಂದು ಡಿಸಿಡೆಂಟನ್ ಎಂಬ ತಂಡ ಕಟ್ಟಿದರು. 1982ರಲ್ಲಿ ಬಂದ ಅದರ ಮೊದಲ ಆಲ್ಬಂ ‘ಜರ್ಮಾನಿಸ್ತಾನ್’. ಜೊತೆಗೆ ನುಡಿಸಿದವರು ಯಾರು? ಮತ್ತೆ ನಮ್ಮ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್! ವಿಶ್ವಸಂಗೀತ ಎಂಬ ಪಟ್ಟಿ ಅಂಗಡಿಗಳ ಕಪಾಟಿನ ಮೇಲೆ ಹತ್ತುವ ಮುಂಚಿನ ಮಾತಿದು. ಮರುವರ್ಷ, 1983ರಲ್ಲಿ, ಅದೇ ಚಾರ್ಲಿ ಮರಿಯಾನೊ ಜರ್ಮನಿಯ ಪ್ರತಿಷ್ಠಿತ ಇಸಿಎಂ ಸಂಸ್ಥೆಗಾಗಿ ‘ಜ್ಯೋತಿ’ ಮುದ್ರಿಸಿದ. ಅದರಲ್ಲಿ ಅವನೊಬ್ಬನೇ ಹೊರಗಿನವನು. ಹಾಡು ರಮಾಮಣಿ, ಮೃದಂಗ ಮಣಿ, ಘಟ ಮತ್ತು ಮೋರ್ಚಿಂಗ್ ಆರ್.ಎ. ರಾಜಗೋಪಾಲ್, ಖಂಜಿರ ಟಿ.ಎನ್. ಶಶಿಕುಮಾರ್. ರಾಕ್ ಸದ್ದೆಲ್ಲ ಇಳಿದ ಮೇಲೆ ಉಳಿದ ತಿಳಿ ಅದು. ಸ್ಯಾಕ್ಸೊಫೋನು ರಮಾಮಣಿಯವರ ಕಂಠದ ಪಕ್ಕ ತಲೆತಗ್ಗಿಸಿ ನಡೆಯುತ್ತದೆ. ಇನ್ನು ರಮೇಶ್ ಶೋಥಂ. 1970ರ ದಶಕದಲ್ಲಿ ಹ್ಯೂಮನ್ ಬಾಂಡೇಜ್ ಎಂಬ ರಾಕ್ ತಂಡದಲ್ಲಿ ಡ್ರಮ್ ಬಾರಿಸುತ್ತಿದ್ದ ಹುಡುಗ, ಮಣಿಯವರ ಕಾಲೇಜಿನಲ್ಲಿ ತವಿಲ್ ಕಲಿತು, ಮುಂದೆ ಜರ್ಮನಿಯ ಕೊಲೋನ್ ನಗರದಲ್ಲಿ ನೆಲೆಸಿದರು. ಎಂಬ್ರಿಯೊ ಜೊತೆಗೂ ನುಡಿಸಿದರು. ರಾಕ್ ಬಿಟ್ಟು ತವಿಲ್‌ಗೆ ಬಂದವರು, ತವಿಲ್ ಹಿಡಿದು ರಾಕ್ ತಂಡಕ್ಕೆ ಮರಳಿದವರು!

ಮರಿಯಾನೊ 2009ರಲ್ಲಿ ತೀರಿಕೊಂಡ. ಬುರ್ಖಾರ್ಡ್ 2018ರಲ್ಲಿ, ಮಣಿಯವರು 2020ರಲ್ಲಿ, ಆ ಪಯಣದ ಗಿಟಾರು ಮತ್ತು ಊದ್ ವಾದಕ ರೋಮನ್ ಬುಂಕಾ 2022ರಲ್ಲಿ ಹೋದರು. ತಂಡ ಹೋಗಲಿಲ್ಲ. ಬುರ್ಖಾರ್ಡ್ ಮಗಳು ಮಾರ್ಯಾ ಈಗ ಎಂಬ್ರಿಯೊ ಮುನ್ನಡೆಸುತ್ತಿದ್ದಾಳೆ. ಅಪ್ಪನ ವೈಬ್ರಫೋನ್ ಅವಳ ಕೈಯಲ್ಲಿದೆ. 2021ರ ‘ಆಫ್ ಆಫ್’ ಆಲ್ಬಂ ಹೊರತಂದದ್ದು ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಮ್ಯಾಡ್‌ಲಿಬ್ ಕಟ್ಟಿದ ಸಂಸ್ಥೆ. ಹಳೆಯ ತಟ್ಟೆಗಳನ್ನು ಅಗೆದು ತೆಗೆಯುವುದರಲ್ಲಿ ಅವನಿಗೆ ಸಮನಿಲ್ಲ. ಅಂಥವನ ಕಿವಿ ಈ ತಂಡದ ಮೇಲೆ ಬಿದ್ದಿದೆ ಎಂದರೆ, ಹೊಸ ತಲೆಮಾರಿನ ಕಿವಿಗಳೂ ಹಿಂದೆಯೇ ಬರುತ್ತಿವೆ ಎಂದರ್ಥ. ಆರಂಭದಿಂದ ಇಲ್ಲಿಯವರೆಗೆ ಎಂಬ್ರಿಯೊ ಜೊತೆ ನುಡಿಸಿದವರ ಸಂಖ್ಯೆ 400 ದಾಟಿದೆ. ಆ ನಾನೂರರಲ್ಲಿ ಬೆಂಗಳೂರಿನ ಒಂದು ಮನೆಯವರೂ ಇದ್ದಾರೆ.

ನೀವು ಕೇಳುವುದಾದರೆ ಈ ಕ್ರಮ ಹಿಡಿಯಿರಿ. ಮೊದಲು ‘ಸ್ಟ್ರಾಸೆ ನಾಖ್ ಆಜಿಯನ್’, ರಸ್ತೆಯ ಧೂಳು ಮೈಗೆ ಹತ್ತಲಿ. ಆಮೇಲೆ ‘ಲೈಫ್’, ಪೂರ್ತಿ, ನಡುವೆ ನಿಲ್ಲಿಸದೆ. ಕೊನೆಗೆ ‘ಜ್ಯೋತಿ’. ಇಯರ್‌ಫೋನ್ ಬೇಡವೇ ಬೇಡ, ದೊಡ್ಡ ಸ್ಪೀಕರಿಗೆ ಹಚ್ಚಿ. ಓಣಿಯಲ್ಲಿ ಭಜನೆಗೆ ದಮ್ಮಡಿ ಬಾರಿಸುವವರಿದ್ದರೆ ಅವರನ್ನೂ ಕರೆಯಿರಿ, ದಮ್ಮಡಿ ತರಲು ಹೇಳಿ. ಮುಕ್ತಾಯ ಬರುವ ಹೊತ್ತಿಗೆ ಅವರು ಸಮಕ್ಕೆ ಸರಿಯಾಗಿ ಬೀಳುತ್ತಾರೆ, ನೋಡುತ್ತಿರಿ!